ಬಾಲ್ಕನಿಯ ಮುಳ್ಳುಕಾಯಿಗಳು

ಪ್ರಾಣಿ ಎಂದಿದ್ದರೆ ನಾನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅದು ನನ್ನ ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ಕಾಯಿ ಎಂದಳು.

"ಸಮುದ್ರದ ಕಾಯಿ ಅತ್ತೆ. ನಾಲ್ಕು ದಿನ ಬಾಲ್ಕನೀಲಿ ಇರ್ಲಿ. ಜಿಗಣಿ ಲ್ಯಾಬಲ್ಲಿ ಜನರೇಟರ್ ಸುಟ್ಟೋಗಿದೆ. ದಿನಾ ಕರೆಂಟ್ ತೆಗೀತಾರೆ, ನೀರು ಬಿಸಿಯಾಗಿ ಎಲ್ಲಾ ಹಾಳಾಗ್ತಿವೆ."

೨೦೧೨ರ ಬೇಸಿಗೆ ಅದು. ವಾಚ್‌ಮನ್ನನ ಕೈಲಿ ನೀಲಿ ಪ್ಲಾಸ್ಟಿಕ್ ಟಬ್ಬು ಹೊರಿಸಿಕೊಂಡು, ತಾನು ಎರಡು ಕ್ಯಾನು ಉಪ್ಪುನೀರು ಹಿಡಿದು ನಿವೇದಿತಾ ಬೆವರುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಬಗ್ಗಿ ನೋಡಿದೆ. ಕಪ್ಪು ಮುಳ್ಳಿನ ಒಂಬತ್ತು ಉಂಡೆಗಳು. ಥೇಟು ದತ್ತೂರಿ ಕಾಯಿ. ಶಿವನಿಗೆ ಏರಿಸುವ ಕಾಯಿಯ ಹಾಗಿದ್ದದ್ದನ್ನು ಹೇಗೆ ಬೇಡವೆನ್ನಲಿ? ಇರಲಿ ಬಿಡು ಎಂದೆ. ಮೋಸ ಹೋಗುವವರು ಹೀಗೇ, ತಾವೇ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.

ನಾನು ಮಹಾದೇವಿ. ರಾಣೆಬೆನ್ನೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆಯಲ್ಲಿರುವ ಮಗನ ಫ್ಲ್ಯಾಟಿಗೆ ಬಂದೆ. ಮಗ ಮಲ್ಲಿಕಾರ್ಜುನ ಬೊಮ್ಮಸಂದ್ರದ ಬೇರಿಂಗ್ ಕಾರ್ಖಾನೆಯಲ್ಲಿದ್ದಾನೆ. ಅಲ್ಲಿಯವರಿಗೆ ಅವನು ಬರೀ ಮಲ್ಲಿಕ್. ಅರ್ಧ ಹೆಸರಿಗೇ ಪೂರ್ತಿ ಸಂಬಳ ಕೊಡುತ್ತಾರಲ್ಲ ಬಿಡವ್ವಾ ಎನ್ನುತ್ತಾನೆ. ನಮ್ಮದು ಲಿಂಗ ಕಟ್ಟಿದ ಮನೆ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಬೇಕರಿಯವನನ್ನು ಕೇಳಿ ಕೇಳಿ, ಅವನು ನನ್ನನ್ನು ಕಂಡರೆ ತಾನೇ "ಇಲ್ಲ ಅಮ್ಮ" ಅಂದುಬಿಡುತ್ತಾನೆ.

ನಿವೇದಿತಾ ದಾವಣಗೆರೆಯ ಹುಡುಗಿ. ಜಿಗಣಿಯ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತ ಪಿಎಚ್‌ಡಿ ಮಾಡುತ್ತಿದ್ದಳು. ಆ ಲ್ಯಾಬಿನ ಮುಖ್ಯಸ್ಥರು, ಅವಳ ಗೈಡು, ಡಾಕ್ಟರ್ ಕರಿಬಸಪ್ಪ. ಹರಿಹರದವರು, ನಮ್ಮವರೇ. ಈ ಸಂಬಂಧ ಕುದುರಿಸಿದವರೂ ಅವರೇ. "ನನ್ನ ಮಗಳಿದ್ದಂಗ ಐತ್ರಿ ಹುಡುಗಿ" ಎಂದು ಮದುವೆಯಲ್ಲಿ ಅವಳ ಕೈ ತಂದು ನನ್ನ ಕೈಯಲ್ಲಿ ಇಟ್ಟಿದ್ದರು. ಅವಳು ಅವರನ್ನು ದೇವರಂತೆ ನಂಬಿದ್ದಳು. ನಾನೂ ಅಷ್ಟೇ.

ಕಾಯಿಯ ಸುಳ್ಳು ಒಂದು ದಿನವೂ ಬಾಳಲಿಲ್ಲ. ಮಾರನೆಯ ದಿನ ಬಾಲ್ಕನಿಯಲ್ಲಿ ಕೂತು ಎಲೆಕೋಸು ಬಿಡಿಸುವಾಗ ಒಂದು ಎಲೆ ಜಾರಿ ಟಬ್ಬಿಗೆ ಬಿತ್ತು. ಆಮೇಲೆ ತೆಗೆದರಾಯಿತು ಎಂದು ಮರೆತೆ. ಮಧ್ಯಾಹ್ನ ನೋಡಿದರೆ ಎಲೆ ಜಾಲರಿಯಾಗಿದೆ! ಒಂದು ಉಂಡೆಯಂತೂ ಉಳಿದ ಚೂರನ್ನು ಮುಳ್ಳಿನ ಮೇಲೆ ಎಳೆದುಕೊಂಡು ಸೆರಗು ಹೊದ್ದ ಹಾಗೆ ಕೂತಿದೆ. ನಿವೇದಿತಾ ಬಂದ ತಕ್ಷಣ ಹಿಡಿದೆ.

"ಕಾಯಿ ಎಲಿ ತಿಂತಾವೇನವ್ವಾ ನಿಮ್ಮ ಲ್ಯಾಬಿನಾಗ?"

ಅವಳು ಚಪ್ಪಲಿ ಬಿಡುತ್ತ ಬಿಡುತ್ತಲೇ ನಿಂತುಬಿಟ್ಟಳು. "ಜೀವ ಇದೆ ಅತ್ತೆ. ಆದ್ರೆ ತಲೆ ಇಲ್ಲ, ಕಣ್ಣಿಲ್ಲ, ಕೆಂಪು ರಕ್ತ ಇಲ್ಲ. ಸೊಪ್ಪು, ಪಾಚಿ ತಿನ್ಕೊಂಡು ಇರ್ತವೆ. ಸೀ ಅರ್ಚಿನ್ ಅಂತಾರೆ."

"ಇವನ್ನ ಏನ್ ಮಾಡ್ತೀರಿ ನೀವು?"

"ಏನೂ ಇಲ್ಲ. ಇವು ಇರೋ ನೀರನ್ನ ಪರೀಕ್ಷೆ ಮಾಡ್ತೀವಿ, ಅಷ್ಟೇ."

ಆ 'ಅಷ್ಟೇ' ಎಂಬುದನ್ನು ನಾನು ನಂಬಿದೆ. ಸೊಪ್ಪು ತಿನ್ನುವ ಜೀವ, ಒಂದರ್ಥದಲ್ಲಿ ನಮ್ಮ ಪಂಗಡದ್ದೇ. ಅವಕ್ಕೆ ಹಾಕಲೆಂದು ಅವಳು ಲ್ಯಾಬಿನಿಂದ ಒಂದು ಪೊಟ್ಟಣ ಕಂದು ಬಣ್ಣದ ಗುಳಿಗೆ ಮೇವು ತಂದಿದ್ದಳು. ಮೂಸಿ ನೋಡಿದೆ. ಮೀನಿನ ವಾಸನೆ ಗಪ್ಪೆಂದು ಹೊಡೆಯಿತು. ಇದು ನನ್ನ ಮನೆಯೊಳಗ ಬ್ಯಾಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಜಗಳ ಯಾಕೆಂದು ಅವಳು ಪೊಟ್ಟಣ ಬ್ಯಾಗಿಗೆ ಹಾಕಿಕೊಂಡು, "ಸೊಪ್ಪು ಕೊಟ್ರೂ ನಡೆಯುತ್ತೆ ಬಿಡಿ" ಎಂದಳು. ಅವಳೂ ಅದನ್ನು ದೊಡ್ಡ ವಿಷಯವೆಂದುಕೊಳ್ಳಲಿಲ್ಲ, ನಾನೂ ಇಲ್ಲ.

ಜನರೇಟರ್ ರಿಪೇರಿಯಾಯಿತು. ಆದರೆ ಅಷ್ಟರಲ್ಲಿ ಲ್ಯಾಬಿನ ತೊಟ್ಟಿಗಳಿಗೆ ಬೇರೆ ಬಂದು ತುಂಬಿದವು, ಜಾಗವಿಲ್ಲ ಎಂದಳು. ನಾಲ್ಕು ದಿನ ಎಂದದ್ದು ಶ್ರಾವಣದವರೆಗೂ ಎಳೆಯಿತು. ನಾನೇನೂ ಬೇಸರಪಡಲಿಲ್ಲ. ಬೆಳಿಗ್ಗೆ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಈ ಫ್ಲ್ಯಾಟಿನಲ್ಲಿ ಮಾತಿಗೆ ಇನ್ನು ಯಾರಿದ್ದರು? ಗೇಟಿನ ಹತ್ತಿರ ಗಾಡಿ ನಿಲ್ಲಿಸುವ ತರಕಾರಿಯ ಆವಲಪ್ಪ ಕೋಸಿನ ಮೇಲಿನ ಎಲೆಗಳನ್ನು ನನಗೆಂದೇ ಎತ್ತಿಡಲು ಶುರುಮಾಡಿದ.

"ಅಸುಗೆ ಆಕ್ತೀರಾ ಅಮ್ಮಾ?" ಎಂದು ಕೇಳಿದ.

"ಮೊಮ್ಮಕ್ಕಳಿಗೆ" ಎಂದೆ. ಅವನು ನಕ್ಕ. ನಾನು ನಗಲಿಲ್ಲ.

ಪಾಲಕ್ ಎಂದರೆ ಅವಕ್ಕೆ ಪ್ರಾಣ. ಗಜ್ಜರಿ ತುರಿದು ಹಾಕಿದರೆ ಮೊದಲ ದಿನ ಮೂಸಿಯೂ ನೋಡುವುದಿಲ್ಲ, ಎರಡನೆಯ ದಿನ ತಿನ್ನುತ್ತವೆ. ಸೆರಗು ಹೊದೆಯುವುದಕ್ಕೆ ನಾನು ಗೌಡ್ತಿ ಎಂದು ಹೆಸರಿಟ್ಟೆ. ಎಲೆ ಹಾಕಿದರೆ ಉಳಿದವು ಸರಸರ ಬರುತ್ತಿದ್ದವು. ಇದು ಮಾತ್ರ ತಡೆದು, ಎಲ್ಲರದೂ ಆದ ಮೇಲೆ, ಇದ್ದುದರಲ್ಲಿ ದೊಡ್ಡ ಎಲೆಯನ್ನೇ ಹಿಡಿದು ತಲೆಯ ಮೇಲೆ ಹೊದ್ದು ಕೂರುತ್ತಿತ್ತು. ತಲೆ ಎಲ್ಲಿದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಸೋಮವಾರ ಪೂಜೆ ಮುಗಿಸಿ ಬಂದಾಗ ಬೆರಳಲ್ಲಿ ಉಳಿದ ವಿಭೂತಿಯನ್ನು ಟಬ್ಬಿನ ಹೊರಮೈಗೆ ಮೂರೆಳೆ ಎಳೆಯುತ್ತಿದ್ದೆ. "ಇವಕ್ಕೂ ದೀಕ್ಷೆ ಕೊಟ್ಬಿಟ್ರಾ ಅತ್ತೆ?" ಎಂದು ನಿವೇದಿತಾ ನಗುತ್ತಿದ್ದಳು.

ಒಂದು ಸಂಜೆ ಅವಳ ಕೆಲಸವೇನೆಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಬಿಸಿಯದನ್ನು ಮುರಿದು ತಿನ್ನುತ್ತಿದ್ದಳು.

"ಇವುಗಳ ಒಳಗೆ ಹಲಸಿನ ತೊಳೆ ಥರ ಐದು ತೊಳೆ ಇರ್ತವೆ ಅತ್ತೆ. ಹೆಣ್ಣಾದ್ರೆ ಅಂಡಾಶಯ, ಕೇಸರಿ ಬಣ್ಣ. ಗಂಡಾದ್ರೆ ವೃಷಣ, ಬಿಳಿ. ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ, ಎರಡೂ ಒಂದೇ ಥರ. ಆ ತೊಳೆಗಳಲ್ಲಿ ಹಾರ್ಮೋನ್ ಇರುತ್ತೆ. ನಮ್ಮಲ್ಲೂ ಇರುತ್ತಲ್ಲ, ಟೆಸ್ಟೋಸ್ಟೆರಾನ್, ಅದೇ. ಹೆಣ್ಣಿನಲ್ಲಿ ಅದು ಒಂದು ಥರ ಬದಲಾಗುತ್ತೆ, ಗಂಡಿನಲ್ಲಿ ಇನ್ನೊಂದು ಥರ. ಒಂದೇ ಅಕ್ಕೀಲಿ ಒಬ್ರ ಮನೇಲಿ ದೋಸೆ, ಇನ್ನೊಬ್ರ ಮನೇಲಿ ಇಡ್ಲಿ ಆದಂಗೆ."

"ಅಕ್ಕಿ ಎಲ್ಲಿಂದ ಬರತೈತಿ?"

ಅವಳ ಮುಖ ಅರಳಿತು. "ಅದೇ ಅತ್ತೆ ಪ್ರಶ್ನೆ! ಅಕ್ಕಿ ಇವೇ ಬೆಳ್ಕೊಳ್ತವಾ, ಹೊರಗಿನಿಂದ ತರ್ತವಾ? ಪ್ರಪಂಚದಲ್ಲಿ ಇನ್ನೂ ಜಗಳ ನಡೀತಿದೆ. ತಾವೇ ಬೆಳ್ಕೊಳ್ತವೆ ಅಂತ ನನಗೆ ಸಿಕ್ಕಿದೆ. ಮೊಟ್ಟೆ ಕಟ್ಟೋ ಕಾಲಕ್ಕೆ ಸರಿಯಾಗಿ ತೊಳೆ ತುಂಬಾ ಇರುತ್ತೆ. ಕರಿಬಸಪ್ಪ ಸರ್ ಅಂತೂ ನೋಡಿ ಕುಣಿದುಬಿಟ್ರು."

ಅವಳು ಆ ದಿನ ಮೂರು ರೊಟ್ಟಿ ತಿಂದಳು. ಅಷ್ಟು ಖುಷಿಯಾಗಿರುವ ಹುಡುಗಿಗೆ, ತೊಳೆಯ ಬಣ್ಣ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಜೀವಮಾನವೆಲ್ಲ ಕತ್ತರಿ ಹಿಡಿದವಳು ನಾನು. ಬಟ್ಟೆಯ ಒಳಮಗ್ಗುಲು ನೋಡಬೇಕೆಂದರೆ ಹೊಲಿಗೆ ಬಿಚ್ಚಬೇಕು ಎಂದು ಎಷ್ಟು ಮಕ್ಕಳಿಗೆ ಕಲಿಸಿದ್ದೆ!

ಶ್ರಾವಣದ ಎರಡನೆಯ ಸೋಮವಾರ ಅವಳು ಟಬ್ಬು ಖಾಲಿ ಮಾಡಿದಳು. ಲ್ಯಾಬಿನಲ್ಲಿ ಜಾಗವಾಗಿದೆ, ಅವು ಅಲ್ಲಿಯೇ ಇರಬೇಕು ಎಂದಳು. ಹೋಗುವಾಗ, "ಅತ್ತೆ, ನಿಮ್ಮ ಕಸೂತಿ ಕತ್ತರಿ ಎರಡು ದಿನ ತಗೊಳ್ಲಾ? ಲ್ಯಾಬಿಂದು ಉಪ್ಪುನೀರಿಗೆ ತುಕ್ಕು ಹಿಡಿದಿದೆ" ಎಂದು ಕೇಳಿದಳು. ಕೊಟ್ಟೆ. ಯಾವುದೋ ಪ್ಯಾಕೆಟ್ಟು ಕತ್ತರಿಸಲಿಕ್ಕಿರಬೇಕು ಎಂದುಕೊಂಡೆ. ದಾರಿಗಿರಲಿ ಎಂದು ಗೌಡ್ತಿಯ ಮೇಲೆ ಒಂದು ಪಾಲಕ್ ಎಲೆಯನ್ನೂ ಹೊದಿಸಿದೆ.

ಆಮೇಲೆ ಕೆಲವು ದಿನ ಬಾಲ್ಕನಿಗೆ ಹೋದರೆ ಕೈ ತನ್ನಷ್ಟಕ್ಕೆ ಎಲೆ ಹುಡುಕುತ್ತಿತ್ತು. ಹೇಗಿದ್ದಾವೆ ಎಂದು ಕೇಳಿದರೆ, "ಚೆನ್ನಾಗಿದ್ದಾವೆ, ನಿಮ್ಮನ್ನ ಕೇಳಿದ್ವು" ಎನ್ನುತ್ತಿದ್ದಳು. ಕತ್ತರಿ ಹೊಳಪಾಗಿ ಒರೆಸಿಕೊಂಡು ವಾಪಸು ಬಂತು. ಅದರಲ್ಲೇ ನಾನು ಒಂದು ದಿಂಬಿನ ಕವರಿನ ಕಸೂತಿ ದಾರ ಕತ್ತರಿಸಿದೆ.

ಗಣಪತಿ ಹಬ್ಬಕ್ಕೆ ಇನ್ನೊಂದು ವಾರವಿರುವಾಗ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಮುಖ ಊದಿತ್ತು. ಬ್ಯಾಗು ಸೋಫಾದ ಮೇಲೆ ಎಸೆದು ನೇರ ಅಡುಗೆಮನೆಗೆ ಬಂದು ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ಒಲೆ ಆರಿಸಿ, ನೀರು ಕುಡಿಸಿ ಕೂರಿಸಿದೆ.

"ಎಲ್ಲಾ ಸುಳ್ಳು ಅತ್ತೆ. ಎರಡು ವರ್ಷದ ಕೆಲಸ ಎಲ್ಲಾ ಸುಳ್ಳು. ಕರಿಬಸಪ್ಪ ಸರ್ ಮೇವಲ್ಲೇ ಟೆಸ್ಟೋಸ್ಟೆರಾನ್ ಬೆರೆಸ್ತಿದ್ರು. ಇವುಗಳ ತೊಳೆ ಹೊರದೇಶದಲ್ಲಿ ದುಬಾರಿ ತಿಂಡಿ. ತೊಳೆ ದಪ್ಪ ಆಗಬೇಕು ಅಂತ ಯಾವುದೋ ಮೇವಿನ ಕಂಪನಿಯವರು ಸರ್‌ಗೆ ಕೆಲಸ ಕೊಟ್ಟಿದ್ರು. ಎಲ್ಲಾ ತೊಟ್ಟಿಗೂ ಅದೇ ಮೇವು. ನನಗೊಂದು ಮಾತು ಹೇಳಲಿಲ್ಲ. ಅವು ಬೆಳೆದಿದ್ದಲ್ಲ ಅತ್ತೆ ಆ ಅಕ್ಕಿ. ಇವರು ಸುರಿದಿದ್ದು."

"ನಿಂಗ ಹೆಂಗ ಗೊತ್ತಾತು?"

"ನಮ್ಮ ಮನೆಯವಲ್ಲಿ ಏನೂ ಇರಲಿಲ್ಲ. ಬದಲಾಯಿಸೋ ಶಕ್ತಿ ಇದೆ, ಬದಲಾಯಿಸೋಕೆ ಅಕ್ಕೀನೇ ಇಲ್ಲ, ಇತ್ತೋ ಇಲ್ವೋ ಅನ್ನೋಷ್ಟು. ಇವು ಬರೀ ಸೊಪ್ಪು ತಿಂದಿದ್ವಲ್ಲ, ಅದಕ್ಕೆ ಅನುಮಾನ ಬಂದು ಮೇವನ್ನೇ ಪರೀಕ್ಷೆಗೆ ಹಾಕಿದೆ. ತುಂಬಿ ತುಳುಕ್ತಿತ್ತು. ನಮ್ಮವಲ್ಲಿ ಮಾತ್ರ ಹೆಣ್ಣಲ್ಲೂ ಇಲ್ಲ, ಗಂಡಲ್ಲೂ ಇಲ್ಲ. ನಿಮ್ಮ ಗೌಡ್ತಿ ಗಂಡು ಅತ್ತೆ, ಅದರಲ್ಲಂತೂ..."

ಅವಳು ಹೇಳುತ್ತಲೇ ಇದ್ದಳು. ನನ್ನ ಕಿವಿ ಅಲ್ಲಿಯೇ ನಿಂತುಬಿಟ್ಟಿತು.

"ಹೊರಗಿಂದ ನೋಡಿದ್ರ ಹೆಣ್ಣೋ ಗಂಡೋ ಗೊತ್ತಾಗಂಗಿಲ್ಲ ಅಂದಿದ್ದಿ."

ಅವಳ ಅಳು ನಿಂತಿತು. ಮೂಗು ಒರೆಸಿಕೊಳ್ಳುತ್ತಿದ್ದ ಕೈ ಹಾಗೇ ಉಳಿಯಿತು.

"ಕೊಯ್ದಿದ್ದು ಯಾವ ಕತ್ತರೀಲೆ?" ಎಂದೆ.

ಉತ್ತರಕ್ಕೆ ನಾನು ಕಾಯಲಿಲ್ಲ. ಹೊಲಿಗೆ ಡಬ್ಬಿ ತಂದು, ಕಸೂತಿ ಕತ್ತರಿ ತೆಗೆದು ಅವಳ ಮುಂದೆ ಇಟ್ಟೆ.

"ಶ್ರಾವಣ ಸೋಮವಾರದ ದಿನ. ನನ್ನ ಕೈಯಾಗಿಂದ ಇಸಗೊಂಡು ಹೋದಿ. ಅದರ ಮ್ಯಾಲೆ ನಾನು ಎಲಿ ಹೊದಿಸಿ ಕಳಿಸೀನಲ್ಲ, ನೋಡ್ಕೋತ ನಿಂತಿದ್ದಿ ಹೌದಿಲ್ಲೋ?"

"ಹೇಳಿದ್ರೆ ನೀವು ಒಂದು ಎಲೆನೂ ಹಾಕ್ತಿರಲಿಲ್ಲ ಅತ್ತೆ" ಎಂದಳು, ಸಣ್ಣ ದನಿಯಲ್ಲಿ. "ನಿಮಗೆ ನೋವಾಗೋದು ಬೇಡ ಅಂತ..."

ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದು ನಮ್ಮಲ್ಲಿ ಮಾತಿದೆ. ಪಾಪ, ಅವಕ್ಕೆ ಕುತ್ತಿಗೆಯೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಕೊಂದದ್ದಕ್ಕೆ ಮಾತ್ರವಲ್ಲ. ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ನನ್ನನ್ನು ಅಜ್ಜಿ ಆಟ ಆಡಿಸಿ ಇವರು ಒಳಗೊಳಗೇ ನಕ್ಕಿರಬೇಕಲ್ಲ ಎಂಬುದಕ್ಕೆ. ಸಂಜೆ ಮಗ ಬಂದ ಮೇಲೆ ನಿನಗೂ ಗೊತ್ತಿತ್ತೇನೋ ಎಂದು ಕೇಳಿದೆ. "ಅವ್ವಾ, ಅದು ಆಕಿ ಕೆಲಸ ಅಲ್ಲೇನು" ಎಂದು ಅವನು ಟೀವಿಯ ಕಡೆ ನೋಡಿದ. ಮೂವರಿರುವ ಮನೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಮಾತು ಬಿಟ್ಟೆ. ಅಡುಗೆ ಮಾಡಿ ಮುಚ್ಚಿಟ್ಟು ನನ್ನ ಕೋಣೆಗೆ ಹೋಗಿಬಿಡುತ್ತಿದ್ದೆ. ನಿವೇದಿತಾ ಎರಡು ಸಲ ಬಾಗಿಲ ತನಕ ಬಂದು ಹಿಂದೆ ಹೋದಳು. ಅವಳ ಕಷ್ಟ ನನಗೆ ತಿಳಿಯದೆ ಇರಲಿಲ್ಲ. ಮಗ ಊಟಕ್ಕೆ ಕೂತಾಗ ಅವಳ ವಿಷಯ ಗೋಡೆಗೆ ಹೇಳುವ ಹಾಗೆ ಹೇಳುತ್ತಿದ್ದ. ಅವಳು ಕರಿಬಸಪ್ಪನವರ ಮುಂದೆ ನಿಂತು ಕೇಳಿದಳಂತೆ. ಅವರು ಇಲ್ಲವೆನ್ನಲಿಲ್ಲವಂತೆ. ಥೀಸಿಸ್ ದಸರಾದೊಳಗೆ ಕೊಡಬೇಕು, ಮೇವಿನ ಮಾತು ಎತ್ತಬೇಡ, ಮನೆಯಲ್ಲಿ ಬೆಳೆಸಿದ ಒಂಬತ್ತನ್ನು ಬಿಟ್ಟುಬಿಡು ಎಂದರಂತೆ. ಇವಳು ಬಿಡುವುದಿಲ್ಲ ಎಂದಳಂತೆ. ಆ ಒಂಬತ್ತು ಮಾತ್ರ ನಿಜ, ಉಳಿದದ್ದೆಲ್ಲ ಸುಳ್ಳು, ಹಾಗೇ ಬರೆಯುತ್ತೇನೆ ಎಂದು ಹಟ ಹಿಡಿದಳಂತೆ. ನಾನು ಕೇಳಿಯೂ ಕೇಳದವಳಂತೆ ಮಜ್ಜಿಗೆ ಬಡಿಸಿದೆ. ಮೋಸ ಹೋದರೆ ಹೇಗಿರುತ್ತದೆಂದು ಅವಳಿಗೂ ಸ್ವಲ್ಪ ಗೊತ್ತಾಗಲಿ ಎಂದೇ ನನ್ನ ಮನಸ್ಸಿನಲ್ಲಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಹಬ್ಬ ಕಳೆದ ಮೊದಲ ಭಾನುವಾರ ಕರಿಬಸಪ್ಪನವರೇ ಮನೆಗೆ ಬಂದರು. ಕೈಯಲ್ಲಿ ಹರಿಹರದ ಮಂಡಕ್ಕಿ ಚೀಲ, ಮುಖದಲ್ಲಿ ಎಂದಿನ ನಗು. "ಶರಣ್ರೀ ಅಕ್ಕಾರ" ಎಂದು ಕೈ ಮುಗಿದರು. ಮನೆಗೆ ಬಂದವರಿಗೆ ಊಟವಿಲ್ಲ ಎನ್ನುವುದು ನಮ್ಮಲ್ಲಿಲ್ಲ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದೆ. ಚೆನ್ನಾಗಿ ಉಂಡರು. ನಿವೇದಿತಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮಗ ಬೆರಳಿನಿಂದ ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದ.

ಕೈ ತೊಳೆಯಲು ಬಾಲ್ಕನಿಗೆ ಹೋದವರು ಬೋರಲು ಹಾಕಿದ್ದ ನೀಲಿ ಟಬ್ಬನ್ನು ಕಂಡರು. ವಿಭೂತಿಯ ಗೆರೆಗಳು ಇನ್ನೂ ಅದರ ಮೇಲಿದ್ದವು. ತೊಳೆಯಲು ನನಗೆ ಮನಸ್ಸು ಬಂದಿರಲಿಲ್ಲ. ಅವರ ಕಣ್ಣು ಮಿನುಗಿತು. ಒಳಗೆ ಬಂದು ನನ್ನ ಎದುರಿಗೇ ಕೂತರು.

"ಅಕ್ಕಾರ, ನೀವು ದೊಡ್ಡೋರು. ಹುಡುಗಿ ಸುಮ್ನ ಒಂದ್ ವಿಷಯ ದೊಡ್ಡದು ಮಾಡ್ಯಾಳ. ನೀವು ಆ ಟಬ್ಬಿಗೆ ವಿಭೂತಿ ಹಚ್ಚೀರಿ. ಅದು ನೀರಿಗೂ ಬಿದ್ದಿರಬೇಕು, ಅಲ್ರೀ?"

"ಬಿದ್ದಿದ್ರ?"

"ಬಿದ್ದಿತ್ತು ಅಂತ ನೀವು ಒಂದು ಮಾತು ಹೇಳಿದ್ರ ಮುಗೀತು. ನೀರು ಕೆಟ್ಟಿತ್ತು ಅಂತ ಬರದು ಆ ಒಂಬತ್ತನ್ನ ತಗದುಬಿಡ್ತೀವಿ. ಯಾರಿಗೂ ನಷ್ಟ ಇಲ್ಲ. ದಸರಾದೊಳಗ ನಿಮ್ಮ ಸೊಸಿ ಡಾಕ್ಟರ್ ಆಗ್ತಾಳ. ಇಲ್ಲಂದ್ರ ನಾ ಸೈನ್ ಹಾಕೂದು ಆಗಂಗಿಲ್ಲ ನೋಡ್ರಿ."

ನಿವೇದಿತಾ ನನ್ನನ್ನು ನೋಡಿದಳು. ಬೇಡಿಕೊಳ್ಳಲಿಲ್ಲ, ಅದು ನಿಜ. ಸುಮ್ಮನೆ ನೋಡಿದಳು. ನಾನು ಏನು ಹೇಳುತ್ತೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಬಿದ್ದಿರಬಹುದು ಎಂದರೆ ಸಾಕಿತ್ತು. ಅವಳಿಗೆ ಡಿಗ್ರಿಯೂ ಸಿಗುತ್ತಿತ್ತು, ನನ್ನ ಹೊಟ್ಟೆಯೂ ತಣ್ಣಗಾಗುತ್ತಿತ್ತು. ನನಗೆ ಸುಳ್ಳು ಹೇಳಿದವಳು ಜೀವನಪೂರ್ತಿ ಒಂದು ಸುಳ್ಳಿನ ಮೇಲೆ ತನ್ನ ಹೆಸರು ಬರೆದುಕೊಂಡು ಓಡಾಡಲಿ. ಇದಕ್ಕಿಂತ ಒಳ್ಳೆಯ ಸೇಡು ಯಾವ ಅತ್ತೆಗೆ ಸಿಕ್ಕೀತು?

"ಅದಿರಲಿ ಸರ್" ಎಂದೆ. "ನೀವು ಮೇವಿನಾಗ ಬೆರೆಸಿದ್ದು ಆಕಿಗ್ಯಾಕ ಹೇಳ್ಲಿಲ್ಲ?"

ಅವರು ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು. "ಹೇಳಿದ್ರ ಕೆಲಸ ಅಲ್ಲಿಗೇ ನಿಲ್ಲಿಸಿಬಿಡ್ತಿದ್ಲು ಅಕ್ಕಾರ. ಪಾಪ, ಎಷ್ಟು ಖುಷಿಯಾಗಿ ಮಾಡಾಕತ್ತಿದ್ಲು. ಯಾಕ ನೋವು ಮಾಡೂದು ಅಂತ. ಆಕಿ ಒಳ್ಳೇದಕ್ಕ."

ಹೇಳಿದ್ದರೆ ಒಂದು ಎಲೆಯೂ ಹಾಕುತ್ತಿರಲಿಲ್ಲ. ಹೇಳಿದ್ದರೆ ಕೆಲಸ ನಿಲ್ಲಿಸಿಬಿಡುತ್ತಿದ್ದಳು. ನೋವಾಗುವುದು ಬೇಡ ಅಂತ. ನಾನು ಬಾಗಿಲ ಕಡೆ ನೋಡಿದೆ. ನಿವೇದಿತಾ ತಲೆ ತಗ್ಗಿಸಿದ್ದಳು, ಕಿವಿಯ ತನಕ ಕೆಂಪಾಗಿದ್ದಳು. ಅವಳಿಗೂ ಕೇಳಿಸಿತ್ತು. ತಾನು ನನಗೆ ಹೇಳಿದ ಮಾತನ್ನೇ ತನ್ನ ಗುರುವಿನ ಬಾಯಿಂದ ಕೇಳಿಸಿಕೊಂಡು ನಿಂತಿದ್ದಳು. ಇನ್ನು ನಾನು ಸೇಡು ತೀರಿಸಿಕೊಳ್ಳಲು ಉಳಿದದ್ದೇನೂ ಇರಲಿಲ್ಲ.

"ವಿಭೂತಿ ಹೊರಗ ಹಚ್ಚಿದ್ದು. ನೀರಿಗೆ ಬಿದ್ದಿಲ್ಲ. ಕೈ ತೊಳಕೊಂಡು ಸೊಪ್ಪು ಹಾಕೀನಿ. ಕೋಸು, ಪಾಲಕ್, ಗಜ್ಜರಿ. ಯಾರು ಕೇಳಿದ್ರೂ ಇದನ್ನ ಹೇಳ್ತೀನಿ, ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

"ಅಕ್ಕಾರ, ವಿಚಾರ ಮಾಡ್ರಿ. ನಮ್ಮ ನಮ್ಮೋರು ನಾವು..."

"ನಮ್ಮೋರು ಅಂತನ ಆಕಿ ಕೈ ನನ್ನ ಕೈಯಾಗ ಇಟ್ಟಿದ್ರಿ ನೀವು. ಬೇಲಿನ ಎದ್ದು ಹೊಲ ಮೇದ್ರ ಯಾರಿಗೆ ಹೇಳೂದು? ಮಂಡಕ್ಕಿ ಚೀಲ ತಗೊಂಡು ಹೋಗ್ರಿ. ನಮ್ಮಲ್ಲಿ ಅದಾವ."

ಅವರು ಎದ್ದರು. ಮಗ ಲಿಫ್ಟಿನ ತನಕ ಕಳಿಸಿ ಬಂದ. ಚೀಲವನ್ನು ಅಲ್ಲೇ ಬಿಟ್ಟು ಹೋಗಿದ್ದರು, ವಾಚ್‌ಮನ್ನನಿಗೆ ಕೊಡಿಸಿದೆ.

ನಿವೇದಿತಾ ಬಂದು ನನ್ನ ಕಾಲ ಹತ್ತಿರ ಕೂತಳು. ನಾನು ಕಾಲು ಹಿಂದಕ್ಕೆಳೆದುಕೊಂಡೆ. "ನಿನ್ನ ಸಲುವಾಗಿ ಹೇಳ್ಲಿಲ್ಲ" ಎಂದೆ. "ಬಿದ್ದಿಲ್ಲಂತ ಬಿದ್ದಿಲ್ಲ ಅಂದೆ. ಅಷ್ಟ." ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎಂದು ಬರೆದರೆ ಚೆಂದವಿತ್ತು. ನನಗೆ ಇನ್ನೂ ಆಗಿಲ್ಲ, ಸುಳ್ಳು ಯಾಕೆ ಬರೆಯಲಿ?

ಅವಳ ಆ ಲ್ಯಾಬಿನ ಋಣ ಅಲ್ಲಿಗೆ ತೀರಿತು. ದಸರಾ ಬಂತು, ಹೋಯಿತು, ಅವಳು ಡಾಕ್ಟರ್ ಆಗಲಿಲ್ಲ. ದೀಪಾವಳಿ ಹೊತ್ತಿಗೆ ಊರೊಳಗಿನ ಕಾಲೇಜೊಂದರ ಮೇಡಂ ಅವಳಿಗೆ ಗೈಡ್ ಆಗಲು ಒಪ್ಪಿದರು. ಆದರೆ ಅವರದೊಂದು ಮಾತಿತ್ತು. ಒಂಬತ್ತರಿಂದ ಏನೂ ಸಾಬೀತಾಗುವುದಿಲ್ಲ, ಇನ್ನೊಂದು ಸಲ ಹಾಗೇ ಸೊಪ್ಪು ಹಾಕಿ ಬೆಳೆಸಿ ತೋರಿಸು. ಅವರ ಕಾಲೇಜಿನಲ್ಲಿ ತೊಟ್ಟಿಯಿಲ್ಲ.

ಅವಳು ಇದನ್ನು ನನಗೆ ಹೇಳಿದ್ದು ಅಡುಗೆಮನೆಯಲ್ಲಿ, ನಿಂತುಕೊಂಡು, ಪಾಠ ಒಪ್ಪಿಸುವ ಹುಡುಗಿಯ ಹಾಗೆ.

"ಚೆನ್ನೈ ಕಡೆಯಿಂದ ಹೊಸವು ಬರ್ತವೆ ಅತ್ತೆ. ಇಪ್ಪತ್ನಾಲ್ಕು. ಬಾಲ್ಕನೀಲೇ ಇಡಬೇಕು. ಅವು ಪ್ರಾಣಿಗಳು. ನಾಲ್ಕು ತಿಂಗಳು ಆದ್ಮೇಲೆ ಕೊಯ್ತೀನಿ. ಎಲ್ಲಾನೂ. ನಾನು ಕಾಲೇಜಿಗೆ ಹೋದಾಗ ಸೊಪ್ಪು ಹಾಕೋಕೆ ನಿಮ್ಮನ್ನ ಬಿಟ್ರೆ ಯಾರಿಲ್ಲ. ನೀವು ಬೇಡ ಅಂದ್ರೆ ಇದನ್ನ ಬಿಟ್ಟುಬಿಡ್ತೀನಿ, ಬೇರೆ ಏನಾದ್ರೂ ಮಾಡ್ತೀನಿ. ಈ ಸಲ ಇದ್ದಿದ್ದು ಇದ್ದಂಗೆ ಹೇಳಿದ್ದೀನಿ."

ಎಂಥ ಹುಡುಗಿ ನೋಡಿ. ಸುಳ್ಳು ಹೇಳಿದಾಗ ಪಾಪವೆಲ್ಲ ಅವಳದಾಗಿತ್ತು, ನಾನು ಹಾಯಾಗಿದ್ದೆ. ಈಗ ನಿಜ ಹೇಳಿ ಅರ್ಧ ನನ್ನ ತಲೆಗೆ ಕಟ್ಟಿದಳು. ಬೇಡವೆಂದರೆ ಕರಿಬಸಪ್ಪನ ಸುಳ್ಳೇ ನಿಲ್ಲುತ್ತದೆ. ಆ ಮೇವಿನ ಮೇಲೆ ನಿಂತ ಮಾತೇ ಅಚ್ಚಾಗಿ ಎಲ್ಲರೂ ಅದನ್ನೇ ಓದುತ್ತಾರೆ, ಗೌಡ್ತಿ ಸತ್ತದ್ದು ಯಾವ ಲೆಕ್ಕಕ್ಕೂ ಇಲ್ಲ. ಹೂಂ ಎಂದರೆ ಕೊಯ್ಯುವ ಕತ್ತರಿಯ ಒಂದು ಹಿಡಿಕೆಯಲ್ಲಿ ನನ್ನ ಬೆರಳೂ ಇರುತ್ತದೆ. ಎರಡು ದಿನ ನನಗೆ ಊಟ ಸೇರಲಿಲ್ಲ. ಲಿಂಗ ಅಂಗೈಯಲ್ಲಿ ಹಿಡಿದು ಕೂತರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಮೂರನೆಯ ದಿನ ಅವಳನ್ನು ಕರೆದೆ. "ನನ್ನ ಕತ್ತರಿ ಮುಟ್ಟಬಾರದು. ಕೊಯ್ಯೂ ದಿನ ನನಗ ಮೊದಲ ಹೇಳಬೇಕು. ಚೆನ್ನಾಗಿದ್ದಾವ, ನಿಮ್ಮನ್ನ ಕೇಳಿದ್ವು, ಅನ್ನೂ ಆಟ ಬ್ಯಾಡ."

"ಹೇಳ್ತೀನಿ ಅತ್ತೆ" ಎಂದಳು.

ಕಾರ್ತಿಕ ಕಳೆದ ಮೇಲೆ ಹೊಸವು ಬಂದವು. ಈ ಸಲ ಎರಡು ಟಬ್ಬು. ನಾನು ವಿಭೂತಿ ಹಚ್ಚಲಿಲ್ಲ, ಯಾವುದಕ್ಕೂ ಹೆಸರಿಡಲಿಲ್ಲ. ಆವಲಪ್ಪ ಎಂದಿನ ಹಾಗೆ ಕೋಸಿನ ಎಲೆಗಳನ್ನು ಕಟ್ಟಿ ಕೊಟ್ಟು, "ಮೊಮ್ಮಕ್ಳು ಮತ್ತೆ ಬಂದ್ರಾ ಅಮ್ಮಾ?" ಎಂದು ಕೇಳಿದ. ನಾನು ಎಲೆ ಇಸಿದುಕೊಂಡು ಬಂದೆ. ಚೆನ್ನಾಗಿ ತೊಳೆದು, ಮುರಿದು ನೀರಿಗೆ ಬಿಟ್ಟೆ. ಮೊದಲು ಸ್ವಲ್ಪ ಹೊತ್ತು ಒಂದೂ ಅಲುಗಲಿಲ್ಲ. ಆಮೇಲೆ ಒಂದೊಂದಾಗಿ ಮುಳ್ಳು ಆಡಿಸುತ್ತ ನನ್ನ ಕೈಯ ಕಡೆಗೇ ಬಂದವು. ಮೂಲೆಯಲ್ಲಿದ್ದ ಒಂದು ದೊಡ್ಡದು ಎಲ್ಲಕ್ಕಿಂತ ಕೊನೆಗೆ ಬಂದು, ಒಂದು ಎಲೆ ಎಳೆದು, ಮೇಲೆ ಹೊದ್ದುಕೊಂಡಿತು.

ಕೊಯ್ಯುತ್ತಾರೆ ಎಂದು ನನಗೆ ಗೊತ್ತಿತ್ತು. ನಾನು ಅವಕ್ಕೆ ಏನೂ ಹೇಳಲಿಲ್ಲ. ಇನ್ನೊಂದು ಎಲೆ ಹಾಕಿದೆ.